ಅಳಿವೆಯ ನೀರು, ಬೇಸಗೆಯ ಬಿಸಿಲು

ಬೇಸಗೆಯ ರಜೆ ಸಮೀಪಿಸಿತೆಂದರೆ ಮುಂಬಯಿಯ ಕನ್ನಡಿಗರ ಮನಸ್ಸು ಊರಿನ ದಾರಿ ಹಿಡಿಯುವುದು ಸಹಜ. ಕೊಂಕಣ ರೈಲಿನಲ್ಲಿ ಪ್ರಯಾಣ ಮಾಡುವವರು ಹೊನ್ನಾವರದ ಬಳಿ ಸುಮಾರು 2 ಕಿಲೋಮೀಟರ್ ಉದ್ದದ ಸೇತುವೆಯ ಮೇಲಿಂದ ಶರಾವತಿಯನ್ನು ಕಂಡೇ ಇರುತ್ತಾರೆ. ಜೋಗದಲ್ಲಿ ಧುಮುಕಿದ ನದಿಯು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆ ಪ್ರದೇಶವಿದು. ಇಲ್ಲಿನ ಕಾಂಡ್ಲಾ ವನಗಳ ನಡುವೆ ಕಯಾಕ್ ಎಂಬ ಕಿರುದೋಣಿಗಳಲ್ಲಿ ತಂಡವಾಗಿ ವಿಹರಿಸುವ ಹವ್ಯಾಸ ಈಚೆಗೆ ಹಬ್ಬುತ್ತಿದೆ. ಒಬ್ಬರು ಇಲ್ಲವೆ ಇಬ್ಬರು ಕುಳಿತು, ಎರಡೂ ತುದಿಗಳಲ್ಲಿ ಅಲಗುಳ್ಳ ಹುಟ್ಟನ್ನು ಹಾಕುತ್ತ ಸಾಗುವ ಈ ವಿಹಾರವು ತೋಳು, ಭುಜ, ಬೆನ್ನುಗಳಿಗೆ ಒಳ್ಳೆಯ ವ್ಯಾಯಾಮ. ದಿನವಿಡೀ ಕುರ್ಚಿಗೆ ಅಂಟಿ ಕೂರುವ ನಮ್ಮಂಥವರಿಗೆ ಅದು ಹಿತಕರವೇ ಸರಿ. ಆದರೆ ಎರಡು ಸಂಗತಿಗಳನ್ನು ಅರಿಯದೆ ಹೊರಟರೆ ವಿಹಾರವು ವಿಪತ್ತಾದೀತು. ಒಂದು ನೀರಿನ ವೇಳೆ, ಇನ್ನೊಂದು ಬಿಸಿಲಿನ ವೇಳೆ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

2019ರ ಏಪ್ರಿಲ್ ತಿಂಗಳಲ್ಲಿ ನಾವು ಹನ್ನೆರಡು ಮಂದಿ ಸಹೋದ್ಯೋಗಿಗಳು ಅಲ್ಲಿಗೆ ಹೋಗಿದ್ದೆವು. ಪ್ರವಾಸದ ವ್ಯವಸ್ಥೆ ನನ್ನದು. ಅಂದು ಬೆಳಿಗ್ಗೆ 8 ಗಂಟೆಗೆ ಭರತ, ದೋಣಿಯವನು 6.30ಕ್ಕೇ ಬರಹೇಳಿದ್ದ. ಆದರೆ ಬಂಧುಗಳ ಮನೆಯ ಉಪಾಹಾರ ಮುಗಿಸಿ ನಾವು ತಲಪಿದಾಗ 10 ಗಂಟೆ. ದಾರಿ ತೋರಬೇಕಾದ ಯುವಕ ಅಷ್ಟರಲ್ಲಿ ಬೇರೊಂದು ತಂಡದೊಡನೆ ಹೋಗಿದ್ದ. ಅವನನ್ನು ಕಾಯದೆ, ದೋಣಿಯವನು ಬೇಡವೆಂದರೂ ಕೇಳದೆ, ಸನಿಹದ ಕಾಂಡ್ಲಾ ಕಾಲುವೆಯೊಂದಕ್ಕೆ ನಾವೇ ನುಗ್ಗಿದೆವು. ಒಂದೂವರೆ ಗಂಟೆಯೊಳಗೆ ಕಾಲುವೆಯ ನೀರು ಬತ್ತಿ ದೋಣಿಗಳು ಕೆಸರಿನಲ್ಲಿ ಕುಳಿತವು. ನೆತ್ತಿಯ ಮೇಲೆ ಸೂರ್ಯ. ಕೆಳಗಿಳಿದರೆ ತೊಡೆಯವರೆಗೆ ಹೂಳು.

ಇದು ಹೇಗಾಯಿತು? ಚಂದ್ರ ಸೂರ್ಯರ ಆಕರ್ಷಣೆಯಿಂದ ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಬಾರಿ ಸಮುದ್ರ ಉಕ್ಕಿ, ಎರಡು ಬಾರಿ ಇಳಿಯುತ್ತದೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದುದರಿಂದ ವೇಳೆಯು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ.

ಇಳಿತವು ಎಲ್ಲ ಗಂಟೆಗಳಲ್ಲಿಯೂ ಒಂದೇ ವೇಗದ್ದಲ್ಲ. ನಾವಿಕರ ಸ್ಥೂಲ ಲೆಕ್ಕವೊಂದಿದೆ: ಇಳಿಯಬೇಕಾದ ನೀರನ್ನು 12 ಪಾಲು ಮಾಡಿದರೆ, ಆರು ಗಂಟೆಗಳಲ್ಲಿ ಕ್ರಮವಾಗಿ 1, 2, 3, 3, 2, 1 ಪಾಲು ಇಳಿಯುತ್ತದೆ. ಅಂದರೆ ನಡುವಿನ ಎರಡೇ ಗಂಟೆಗಳಲ್ಲಿ ಅರ್ಧ ನೀರು ಹೋಗುತ್ತದೆ. ನಾವು ಒಳಹೊಕ್ಕದ್ದು ಸರಿಯಾಗಿ ಆ ಮೂರನೆಯ ಗಂಟೆಯಲ್ಲಿ! ಬ್ಯಾಂಕಿನಲ್ಲಿ ಸಾಲಗಾರನಿಗೆ ಕೆಲವು ದಿನಗಳ ರಿಯಾಯಿತಿ ಉಂಟು. ಸಮುದ್ರದ ಖಾತೆಯಲ್ಲಿ ಅದಿಲ್ಲ. ಮುಖ್ಯ ನದಿಯಲ್ಲಿ ಉಳಿದಿದ್ದರೂ ಅಪಾಯ ತಪ್ಪುತ್ತಿರಲಿಲ್ಲ. ಇಳಿತದ ಸೆಳೆತವು ದೋಣಿಯನ್ನು ಅಳಿವೆಯ ಬಾಯಿಗೆ ಎಳೆಯುತ್ತದೆ. ಮಧ್ಯಾಹ್ನ ಕಡಲಗಾಳಿ ಎದುರಾದಾಗ ಅಲ್ಲಿ ಕಡಿದಾದ ಅಲೆಗಳು ಏಳುತ್ತವೆ.

ನಮ್ಮ ನಿಜವಾದ ಶತ್ರು ಬಿಸಿಲಾಯಿತು. ಮುಂಬಯಿಯ ಸೆಕೆಗೆ ಒಗ್ಗಿದವರೆಂಬ ಹೆಮ್ಮೆ ನಮಗಿತ್ತು. ಆದರೆ ನಾವು ಒಗ್ಗಿರುವುದು ನೆರಳಿನ ಸೆಕೆಗೆ. ಬೆವರು ಆರಿದಾಗ ಮಾತ್ರ ಮೈ ತಂಪಾಗುತ್ತದೆ. ತೇವ ತುಂಬಿದ ಕರಾವಳಿಯ ಗಾಳಿಯಲ್ಲಿ ಅದು ಬೇಗ ಆರದು. ಬೆವರಿನೊಡನೆ ನೀರೂ ಉಪ್ಪೂ ನಷ್ಟವಾಗುತ್ತವೆ. ನಮ್ಮೊಡನಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುತ್ತಿದ್ದರು. ಇಂಥವರ ದೇಹದಲ್ಲಿ ನೀರು ಇನ್ನೂ ಬೇಗ ಕಡಿಮೆಯಾಗುತ್ತದೆಂಬುದು ನನಗೆ ತಿಳಿದಿರಲಿಲ್ಲ. ಅವರಿಗೆ ತಲೆನೋವು, ವಾಕರಿಕೆ ಬಂದು, ಕೈಕಾಲು ಸೋತು, ಕಣ್ಣು ಮಂಜಾಯಿತು. ಬೆಳಚು ಆಯಲು ಬಂದಿದ್ದ ಹೆಂಗಸೊಬ್ಬಳು ನಮ್ಮನ್ನು ಕಂಡು, “ನೀರು ಇಳೀತದೆ ಅಂತ ಯಾರೂ ಹೇಳ್ಲಿಲ್ವಾ, ತಮ್ಮಾ?” ಎಂದು ಕೇಳಿ, ಮೀನುಗಾರರನ್ನು ಕೂಗಿ ಕರೆದಳು. ಹೇಳಿದ್ದರು, ನಾನೇ ಕೇಳಲಿಲ್ಲವೆಂದು ಯಾವ ಬಾಯಿಂದ ಹೇಳಲಿ? ಅವರು ಹಲಗೆ ಹಾಸಿ ನಮ್ಮನ್ನು ದಡ ಸೇರಿಸಿದರು. ಹಿರಿಯರು ಆಸ್ಪತ್ರೆಯಲ್ಲಿ ಸಂಜೆಯವರೆಗೆ ಇದ್ದು, ಸಲೈನ್ ಪಡೆದು ಚೇತರಿಸಿಕೊಂಡರು.

ಆದುದರಿಂದ ತಂಡ ಕಟ್ಟಿ ಹೊರಡುವವರು ಈ ಕೆಲವು ವಿಷಯಗಳನ್ನು ಗಮನಿಸಬೇಕು.

ಭಾರತೀಯ ಸರ್ವೇಕ್ಷಣ ಇಲಾಖೆಯು ಬಂದರುಗಳ ಉಬ್ಬರವಿಳಿತದ ಪಟ್ಟಿಯನ್ನು ಪ್ರತಿವರ್ಷ ಪ್ರಕಟಿಸುತ್ತದೆ. ಅದನ್ನು ನೋಡಿ, ಸ್ಥಳೀಯ ಮೀನುಗಾರರನ್ನೂ ವಿಚಾರಿಸಿ, ಆ ಬಳಿಕವೇ ದಿನವನ್ನು ಗೊತ್ತುಮಾಡಬೇಕು. ನೀರು ಏರುತ್ತಿರುವಾಗ ಒಳಹೊಕ್ಕು, ಇಳಿಯತೊಡಗುವ ಮುನ್ನವೇ ಕಾಲುವೆಯಿಂದ ಹೊರಬರಬೇಕು. ಬೇಸಗೆಯಲ್ಲಿ 10 ಗಂಟೆಯೊಳಗೆ ದಡದಲ್ಲಿರುವುದು ಲೇಸು. ವೇಳೆ ಹೊಂದದಿದ್ದರೆ ಪ್ರವಾಸವನ್ನೇ ಮುಂದೂಡಿರಿ. ಈಜು ಬಲ್ಲವರೂ ಲೈಫ್ ಜಾಕೆಟ್ ಧರಿಸಲಿ. ದಾರಿ ಬಲ್ಲವರಿಲ್ಲದೆ ಹೊರಡಬೇಡಿ.

ಪ್ರತಿಯೊಬ್ಬರ ಬಳಿಯೂ ಕನಿಷ್ಠ 2 ಲೀಟರ್ ಕುಡಿಯುವ ನೀರು, ಅಗಲವಾದ ಟೋಪಿ, ತೋಳು ಮುಚ್ಚುವ ಹತ್ತಿಯ ಅಂಗಿ ಇರಲಿ. ಓಆರ್‌ಎಸ್ ಪೊಟ್ಟಣ ದೊರೆಯದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಬಹುದು, ಚಮಚಗಳು ಮಟ್ಟಸವಾಗಿರಲಿ. ಹೃದ್ರೋಗ, ರಕ್ತದೊತ್ತಡ, ಮಧುಮೇಹ ಉಳ್ಳವರು ಮೊದಲೇ ವೈದ್ಯರ ಸಲಹೆ ಪಡೆಯಲಿ.

ಯಾರಿಗಾದರೂ ಬಳಲಿಕೆಯಾದರೆ ನೆರಳಿಗೆ ಕರೆದೊಯ್ದು, ಮೈಯನ್ನು ಒದ್ದೆ ಮಾಡಿ ಗಾಳಿ ಹಾಕಿ, ಗುಟುಕು ಗುಟುಕಾಗಿ ನೀರು ಕೊಡಬೇಕು. ಮಾತು ತೊದಲಿದರೆ, ಗೊಂದಲ ತೋರಿದರೆ, ಪ್ರಜ್ಞೆ ತಪ್ಪಿದರೆ ಅದು ಪ್ರಾಣಾಂತಿಕ ಉಷ್ಣಾಘಾತದ ಸೂಚನೆ. ಆಗ ಬಾಯಿಗೆ ಏನನ್ನೂ ಹಾಕದೆ, ಮೈಯನ್ನು ತಣಿಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಮರುವರ್ಷಗಳಲ್ಲಿ ಅದೇ ಹಿರಿಯರು ಮತ್ತೆ ಅಳಿವೆಗೆ ಹೋಗೋಣವೆಂದರು. ಹೋದೆವು ಕೂಡ. ಆದರೆ ಉಪಾಹಾರ ಈ ಸಲ ದಡಕ್ಕೆ ಮರಳಿದ ಮೇಲೆ!