ಅಡುಗೆಮನೆಯಲ್ಲೇ ಇದೆ ಧಾತುಗಳ ಪಾಠ

ಹೈಡ್ರೋಜನ್, ಹೀಲಿಯಂ, ಲಿಥಿಯಂ ಎಂದು ನಿಮ್ಮ ಮಕ್ಕಳು ಜೋರಾಗಿ ಬಾಯಿಪಾಠ ಮಾಡುವುದನ್ನು ನೀವು ಕೇಳಿರಬಹುದು. ಅವು ಏನೆಂದು ಕೇಳಿದರೆ ಹೆಚ್ಚಿನ ಮಕ್ಕಳಿಗೆ ತಿಳಿದಿರುವುದಿಲ್ಲ. ‘ನಾನು ಏಳನೇ ತರಗತಿಗೇ ಶಾಲೆ ಬಿಟ್ಟವಳು, ನನಗೇನು ಗೊತ್ತು’ ಎಂದು ನಮ್ಮ ಮಲ್ಲಿಪಟ್ಟಣದಂತಹ ಊರುಗಳ ತಾಯಂದಿರು ಸುಮ್ಮನಾಗುತ್ತಾರೆ. ಆದರೆ ಈ ಪಾಠದ ದೊಡ್ಡ ಭಾಗ ನಿಮ್ಮ ಕೈಯಲ್ಲೇ ಇದೆ.

ಯಾವ ವಸ್ತುವನ್ನು ರಾಸಾಯನಿಕ ಕ್ರಿಯೆಯಿಂದ ಇನ್ನೂ ಸರಳ ವಸ್ತುಗಳಾಗಿ ಒಡೆಯಲು ಆಗುವುದಿಲ್ಲವೋ ಅದೇ ಧಾತು. ನೀರನ್ನು ಒಡೆದರೆ ಜಲಜನಕ, ಆಮ್ಲಜನಕ ಸಿಗುತ್ತವೆ. ಚಿನ್ನವನ್ನು ಎಷ್ಟು ಕರಗಿಸಿದರೂ ಅದು ಚಿನ್ನವೇ. ರಷ್ಯಾದ ಮೆಂಡಲೀವ್ 1869ರಲ್ಲಿ, ಆಗ ತಿಳಿದಿದ್ದ 63 ಧಾತುಗಳನ್ನು ಕೋಷ್ಟಕವಾಗಿ ಜೋಡಿಸಿದರು. ಇಂದು ಅವುಗಳ ಸಂಖ್ಯೆ 118.

ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ 2023ರ ಮುದ್ರಣದಿಂದ ಈ ಕೋಷ್ಟಕದ ಅಧ್ಯಾಯವನ್ನು ಕೈಬಿಟ್ಟಿತು. ಹನ್ನೊಂದರಲ್ಲಿ ವಿಜ್ಞಾನ ಆರಿಸಿಕೊಂಡವರಿಗಷ್ಟೇ ಅದು ಸಿಗುತ್ತದೆ. ಹತ್ತಕ್ಕೇ ಓದು ನಿಲ್ಲಿಸುವ ಹೆಣ್ಣುಮಕ್ಕಳ ಗತಿಯೇನು? ಮನೆಯ ಪಾಠಕ್ಕೆ ಬೆಲೆ ಬರುವುದು ಇಲ್ಲಿಯೇ.

ಬೂದಿಯಿಂದ ಆರಂಭಿಸಿ

ಪೊಟ್ಯಾಸಿಯಂನ ಸಂಕೇತ ‘ಪಿ’ ಅಲ್ಲ, ‘ಕೆ’. ಏಕೆ? ಗಿಡದ ಬೂದಿಗೆ ಅರಬಿಯಲ್ಲಿ ‘ಅಲ್ ಕಲಿ’ ಎನ್ನುತ್ತಾರೆ. ‘ಆಲ್ಕಲಿ’ ಎಂಬ ಇಂಗ್ಲಿಷ್ ಪದವೂ, ‘ಕೇಲಿಯಂ’ ಎಂಬ ಲ್ಯಾಟಿನ್ ಹೆಸರೂ ಅದರಿಂದಲೇ ಬಂದವು. 1807ರಲ್ಲಿ ಹಂಫ್ರಿ ಡೇವಿ ಪೊಟ್ಯಾಷ್‌ನಲ್ಲಿ ವಿದ್ಯುತ್ ಹರಿಸಿ ಈ ಧಾತುವನ್ನು ಬೇರ್ಪಡಿಸಿದರು. ನಾವು ಪಾತ್ರೆ ತಿಕ್ಕುವ ಒಲೆಯ ಬೂದಿಯಲ್ಲೂ ಅದು ಇದೆ. ಮದ್ರಸದಲ್ಲಿ ಅರಬಿ ಕಲಿಯುವ ಮಗುವಿಗೆ ಇದನ್ನು ಹೇಳಿ ನೋಡಿ, ಮತ್ತೆ ಮರೆಯುವುದಿಲ್ಲ. ಆಲೂಗೆಡ್ಡೆ ಹೊಲಕ್ಕೆ ತಂದ ಗೊಬ್ಬರದ ಚೀಲದ ಮೇಲೆ 17:17:17 ಎಂದಿದ್ದರೆ ಅದನ್ನೂ ಓದಿಸಿ. ಅವು ಕ್ರಮವಾಗಿ ಸಾರಜನಕ, ರಂಜಕ ಮತ್ತು ಪೊಟ್ಯಾಷ್‌ನ ಲೆಕ್ಕ.

ಕಲಾಯಿ ಮತ್ತು ಸ್ಟೀಲ್

ಬಿರಿಯಾನಿಯ ತಾಮ್ರದ ದೇಗಿಗೆ ಕಲಾಯಿ ಹಾಕಿಸುತ್ತೇವಲ್ಲ, ಆ ಬಿಳಿ ಲೇಪ ತವರ. ಅರಬಿಯಲ್ಲಿ ತವರಕ್ಕೆ ‘ಕಲಈ’ ಎಂಬ ಹೆಸರಿದೆ. ಮೊಸರು, ಹುಳಿ ತಾಮ್ರಕ್ಕೆ ತಾಗಿದರೆ ಅಡುಗೆ ಕೆಡುತ್ತದೆ; ತವರ ನಡುವೆ ನಿಂತು ತಡೆಯುತ್ತದೆ. ಇನ್ನು ಸ್ಟೀಲ್ ಲೋಟಕ್ಕೆ ತುಕ್ಕು ಹಿಡಿಯದಿರಲು ಅದರಲ್ಲಿರುವ ಕ್ರೋಮಿಯಂ ಕಾರಣ. ಅದು ಕನಿಷ್ಠ ಶೇಕಡಾ ಹತ್ತೂವರೆಯಷ್ಟು ಇರಬೇಕು. ಕ್ರೋಮಿಯಂನ ಅದಿರು ನಮ್ಮ ಜಿಲ್ಲೆಯಲ್ಲೇ, ಚನ್ನರಾಯಪಟ್ಟಣ ತಾಲೂಕಿನ ಬೈರಾಪುರದಲ್ಲಿದೆ ಎಂದರೆ ಮಕ್ಕಳ ಕಣ್ಣರಳುತ್ತದೆ.

ರಕ್ತದಲ್ಲಿರುವ ಕಬ್ಬಿಣ

ಕುರ್‌ಆನಿನ 57ನೇ ಅಧ್ಯಾಯದ ಹೆಸರು ಅಲ್ ಹದೀದ್, ಅಂದರೆ ಕಬ್ಬಿಣ. ಕಾವಲಿಯಲ್ಲಿರುವ ಈ ಧಾತುವೇ ರಕ್ತದಲ್ಲಿ ಆಮ್ಲಜನಕವನ್ನು ಹೊರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಬ್ಬಿಣದ ಕೊರತೆ ಒಂದು ಮುಖ್ಯ ಕಾರಣ. ಸೊಪ್ಪು, ಕಾಳಿನ ಊಟಕ್ಕೆ ನಿಂಬೆರಸ ಸೇರಿದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ, ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಮಗಳು ಇದನ್ನು ಕಲಿತರೆ ಅವಳ ಜೊತೆ ನೀವೂ ಉಳಿದಿರಿ.

ಸುರ್ಮಾದ ಬಗ್ಗೆ ಎಚ್ಚರಿಕೆ

ಹದೀಸ್‌ನಲ್ಲಿ ಬರುವ ‘ಇಸ್ಮಿದ್’ ಆಂಟಿಮನಿ ಧಾತುವಿನ ಅದಿರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಹಲವು ದೇಶಗಳಲ್ಲಿ ಪರೀಕ್ಷಿಸಿದಾಗ ಪೇಟೆಯ ಅನೇಕ ಸುರ್ಮಾಗಳಲ್ಲಿ ಇದ್ದುದು ಸೀಸದ ಅದಿರು. ಎರಡೂ ಕಪ್ಪಾಗಿ ಹೊಳೆಯುತ್ತವೆ. ಕಣ್ಣಿಗೆ ವ್ಯತ್ಯಾಸ ಕಾಣದು. ಸೀಸದಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಮಗು ಕಣ್ಣುಜ್ಜಿದ ಬೆರಳನ್ನು ಬಾಯಿಗಿಟ್ಟರೆ ಅದು ಹೊಟ್ಟೆ ಸೇರಿ, ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ. ಸೀಸಕ್ಕೆ ಸುರಕ್ಷಿತ ಮಿತಿಯೇ ಇಲ್ಲವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದ್ದರಿಂದ ಒಳಗೇನಿದೆಯೆಂದು ತಿಳಿಯದ ಸುರ್ಮಾವನ್ನು ಎಳೆಯ ಕಣ್ಣುಗಳಿಗೆ ಹಚ್ಚಬೇಡಿ. ಹಚ್ಚುವ ರೂಢಿಯಿದ್ದರೆ ವೈದ್ಯರಿಗೆ ತಿಳಿಸಿ. ರಕ್ತಪರೀಕ್ಷೆಯಲ್ಲಿ ಸೀಸ ಪತ್ತೆಯಾಗುತ್ತದೆ. ಮಕ್ಕಳ ದೇಹ ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು.

ಹೀಗೆ ಕಲಿಸಿ

* ವಾರಕ್ಕೊಂದೇ ಧಾತು ಸಾಕು. ಹೆಸರು, ಸಂಕೇತ, ಮನೆಯಲ್ಲಿ ಎಲ್ಲಿದೆ, ಲಾಭ ಅಥವಾ ಹಾನಿ ಏನು ಎಂದು ನಾಲ್ಕು ಸಾಲು ಬರೆಸಿ.

* ಆಲೂಗೆಡ್ಡೆಯ ಹೋಳಿನ ಮೇಲೆ ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣದ ಒಂದು ಹನಿ ಹಾಕಿಸಿ. ಕಪ್ಪು ನೀಲಿಯಾದರೆ ಪಿಷ್ಟವಿದೆ ಎಂದರ್ಥ. ಬಳಿಕ ಆ ಹೋಳನ್ನು ಎಸೆಯಿರಿ.

* ಥರ್ಮಾಮೀಟರ್ ಒಡೆದು ಬಿದ್ದ ಪಾದರಸವನ್ನು ಮುಟ್ಟಲು ಬಿಡಬೇಡಿ. ಆ್ಯಸಿಡ್ ಬಾಟಲಿ ಎತ್ತರದಲ್ಲಿರಲಿ.

* ಉತ್ತರ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. ‘ನಾಳೆ ಟೀಚರನ್ನು ಕೇಳಿಕೊಂಡು ಬಂದು ನನಗೂ ಹೇಳು’ ಎನ್ನಿ.

ಅಲ್ಲಾಹನ ಸೃಷ್ಟಿಯನ್ನು ಅರಿಯುವ ಆಸೆ ಮಕ್ಕಳಲ್ಲಿ ಮೂಡಲಿ. ಫಲ ಕೊಡುವ ಜ್ಞಾನವನ್ನು ಅವನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.