ಮರ ಸುಟ್ಟರೂ ಸಾಲದ ಅಸಿಟೋನ್

ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ ಬ್ರಿಟನ್ನಿನ ಬಳಿ ಫಿರಂಗಿಗಳಿದ್ದವು, ಅವಕ್ಕೆ ತುಂಬುವ ಕಾರ್ಡೈಟ್ ಎಂಬ ಸಿಡಿಮದ್ದು ಸಾಲುತ್ತಿರಲಿಲ್ಲ. ಕಾರ್ಡೈಟ್ ಮಾಡಲು ನೈಟ್ರೋಗ್ಲಿಸರಿನ್ ಮತ್ತು ಗನ್‌ಕಾಟನ್ನುಗಳನ್ನು ಒಂದಾಗಿ ಹದಗೊಳಿಸಬೇಕು. ಆ ಕೆಲಸ ಅಸಿಟೋನಿನದು. ಇಂದು ಉಗುರುಬಣ್ಣ ಅಳಿಸುವ ಅದೇ ಕಟುವಾಸನೆಯ ದ್ರವ.

ಆಗ ಅದು ಬರುತ್ತಿದ್ದದ್ದು ಮರದಿಂದ. ಗಾಳಿಯಾಡದ ಪಾತ್ರೆಯಲ್ಲಿ ಕಟ್ಟಿಗೆ ಕಾಯಿಸಿ, ಸಿಕ್ಕ ಆಮ್ಲಕ್ಕೆ ಸುಣ್ಣ ಬೆರೆಸಿ, ಆ ಲವಣವನ್ನು ಮತ್ತೆ ಕಾಯಿಸಬೇಕಿತ್ತು. ಒಂದು ಟನ್ ಅಸಿಟೋನಿಗೆ 80 ಟನ್ನಿಗೂ ಹೆಚ್ಚು ಕಟ್ಟಿಗೆ! ಕಾಡು ಕಡಿದು ಯುದ್ಧ ನಡೆಸುವಷ್ಟು ಮರ ಆ ದ್ವೀಪದಲ್ಲಿ ಎಲ್ಲಿತ್ತು?

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಹೈಮ್ ವೈಜ್‌ಮನ್ ಹುಡುಕುತ್ತಿದ್ದದ್ದು ಕೃತಕ ರಬ್ಬರಿನ ದಾರಿಯನ್ನು. ಸಿಕ್ಕಿದ್ದು ಪಿಷ್ಟವನ್ನು ಹುಳಿಯಿಸಿ ಅಸಿಟೋನ್ ಮತ್ತು ಬ್ಯುಟನಾಲ್ ಕೊಡುವ ಒಂದು ಬ್ಯಾಕ್ಟೀರಿಯಾ. ನೌಕಾಖಾತೆಯ ಮುಖ್ಯಸ್ಥ ಚರ್ಚಿಲ್, ವೈಜ್‌ಮನ್ನರನ್ನು ಕರೆಸಿ 30,000 ಟನ್ ಅಸಿಟೋನ್ ಕೇಳಿದರಂತೆ. ಪ್ರಯೋಗಾಲಯದ ಗಾಜಿನ ಪಾತ್ರೆಗಳಲ್ಲಿ ಕೆಲಸ ಮಾಡುತ್ತಿದ್ದವರಿಗೆ! ಲಂಡನ್ನಿನ ಒಂದು ಜಿನ್ ಭಟ್ಟಿಯಲ್ಲಿ ದೊಡ್ಡ ಪ್ರಮಾಣದ ಪ್ರಯೋಗ ನಡೆಯಿತು, ಕಚ್ಚಾವಸ್ತುವಾಗಿ ಮೆಕ್ಕೆಜೋಳ ಬಂತು. ಜರ್ಮನಿಯ ಜಲಾಂತರ್ಗಾಮಿಗಳು ಧಾನ್ಯದ ಹಡಗುಗಳನ್ನು ಮುಳುಗಿಸತೊಡಗಿದಾಗ, 1917ರಲ್ಲಿ ಶಾಲಾಮಕ್ಕಳು ಹಾರ್ಸ್ ಚೆಸ್ಟ್‌ನಟ್ ಮರದ ಕಾಯಿಗಳನ್ನು ಚೀಲಗಟ್ಟಲೆ ಆಯ್ದರು. ಕಾಯಿ ಏತಕ್ಕೆಂದು ಅವರಿಗೆ ಯಾರೂ ಹೇಳಲಿಲ್ಲ. ಆಟಕ್ಕೆಂದು ಕಾಯಿ ಆಯುವ ಕೈಗಳೇ ಸಿಡಿಮದ್ದಿಗೆ ಸಾಮಗ್ರಿ ಸೇರಿಸಿದ್ದು ನನ್ನನ್ನು ಇಂದಿಗೂ ಕಲಕುತ್ತದೆ. ಆ ಕಾಯಿಗಳಿಂದ ಇಳುವರಿಯೂ ಸರಿಯಾಗಿ ಬರಲಿಲ್ಲ.

ನಮ್ಮ ಬೆಂಗಳೂರಿಗೂ ಇದರ ನಂಟಿದೆ. ಮ್ಯಾಂಚೆಸ್ಟರಿನಿಂದ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಗಿಲ್ಬರ್ಟ್ ಫೌಲರ್ ಮತ್ತು ಸಂಗಡಿಗರು ಆ ವರ್ಷಗಳಲ್ಲಿ ಸಕ್ಕರೆ ತುಂಬಿದ ಹಿಪ್ಪೆ ಹೂವಿನ ಹುದುಗುವಿಕೆಯನ್ನು ಅಭ್ಯಾಸ ಮಾಡಿದರು.

ಯುದ್ಧ ಮುಗಿದ ಮೇಲೆ ಮೇಲುಕೀಳು ಅದಲುಬದಲಾಯಿತು. ಮೋಟಾರು ಕಾರುಗಳ ಬಣ್ಣಕ್ಕೆ ಬ್ಯುಟನಾಲ್ ಬೇಕಾಯಿತು, ಅಸಿಟೋನ್ ಅದರ ಬೆನ್ನಿಗೆ ಬರುವ ಸರಕಾಯಿತು.

ಆದರೂ ಅಸಿಟೋನಿಗೆ ಬೇಡಿಕೆ ಉಳಿದಿರುವುದಕ್ಕೆ ಕಾರಣ ಅದರ ಗುಣ. ನೀರಿನಲ್ಲೂ ಬೆರೆಯುತ್ತದೆ, ಜಿಡ್ಡನ್ನೂ ಕರಗಿಸುತ್ತದೆ. 56 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ ಬೇಗ ಆರಿಹೋಗುತ್ತದೆ. ಅದರ ಆವಿ ಕೊರೆಯುವ ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಬೆಂಕಿಯ ಹತ್ತಿರ ತರಲೇಬಾರದು. ವೆಲ್ಡಿಂಗ್ ಅಂಗಡಿಯ ಅಸಿಟಲೀನ್ ಸಿಲಿಂಡರಿನ ಒಳಗೂ ಅಸಿಟೋನ್ ಇದೆ. ಬರೀ ಒತ್ತಡ ಹಾಕಿದರೆ ಆ ಅನಿಲ ಸಿಡಿಯುತ್ತದೆ. ರಂಧ್ರಗಳುಳ್ಳ ವಸ್ತುವಿಗೆ ಅಸಿಟೋನ್ ಹೀರಿಸಿ, ಅದರಲ್ಲಿ ಅನಿಲವನ್ನು ಕರಗಿಸಿಟ್ಟರೆ ಮಾತ್ರ ಸುರಕ್ಷಿತ. ಅಕ್ರಿಲಿಕ್ ಹಾಳೆಗೂ ಪಾಲಿಕಾರ್ಬೊನೇಟಿಗೂ ಅಸಿಟೋನ್ ಒಂದು ಮೂಲವಸ್ತು.

ಈಗ ಬಹುಪಾಲು ಅಸಿಟೋನ್ ಬರುವುದು ಪೆಟ್ರೋಲಿಯಂನಿಂದ. 1944ರಲ್ಲಿ ಜರ್ಮನಿಯ ಹೈನ್ರಿಕ್ ಹಾಕ್ ಪ್ರಕಟಿಸಿದ ವಿಧಾನದಲ್ಲಿ ಪೆಟ್ರೋಲಿಯಂನಿಂದ ಪಡೆದ ಕ್ಯುಮೀನ್ ಎಂಬ ದ್ರವವನ್ನು ಗಾಳಿಯ ಆಮ್ಲಜನಕದೊಡನೆ ಸೇರಿಸಿ, ಆಮ್ಲದಿಂದ ಒಡೆದರೆ ಫೀನಾಲ್ ಮತ್ತು ಅಸಿಟೋನ್ ಒಟ್ಟಿಗೇ ಸಿಗುತ್ತವೆ. ಟನ್ ಫೀನಾಲಿಗೆ ಸುಮಾರು 0.6 ಟನ್ ಅಸಿಟೋನ್, ಬೇಕೆಂದರೂ ಬೇಡವೆಂದರೂ. ಹೆಚ್ಚಾದದ್ದಕ್ಕೆ ದಾರಿ ಹುಡುಕಬೇಕಲ್ಲ? ಗುಜರಾತಿನ ದಹೇಜ್‌ನಲ್ಲಿ 2020ರಲ್ಲಿ ಅಸಿಟೋನಿಗೆ ಹೈಡ್ರೋಜನ್ ಸೇರಿಸಿ ಐಸೊಪ್ರೊಪೈಲ್ ಆಲ್ಕೊಹಾಲ್ ಮಾಡುವ ಘಟಕ ಶುರುವಾಯಿತು. ದೇಶವೆಲ್ಲ ಸ್ಯಾನಿಟೈಸರಿಗಾಗಿ ಪರದಾಡುತ್ತಿದ್ದ ವರ್ಷವದು.