ನಾಯಿಯ ತುರಿಕೆಯೂ ಊಟದ ತಟ್ಟೆಯೂ

ಸಾಕಿದ ನಾಯಿ ಮೈ ಕೆರೆದುಕೊಂಡು ಗಾಯ ಮಾಡಿಕೊಂಡರೆ, "ಹೊಸದೇನೂ ಹಾಕಿಲ್ಲವಲ್ಲ, ಊಟದ ದೋಷವಿರಲಾರದು" ಎನ್ನುವವರೇ ನಮ್ಮಲ್ಲಿ ಹೆಚ್ಚು. ಈ ತರ್ಕ ದಾರಿ ತಪ್ಪಿಸುವಂಥದು. ಆಹಾರದ ಅಲರ್ಜಿ ಹುಟ್ಟುವುದು ಬಹುಮಟ್ಟಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಿಂದು ಬಂದ ಪದಾರ್ಥಕ್ಕೇ. ನಾಯಿಗಳಲ್ಲಿ ದನದ ಮಾಂಸ, ಹಾಲು, ಕೋಳಿ, ಗೋಧಿ ಇವು ಸಾಮಾನ್ಯ ಕಾರಣಗಳು. ಬೆಕ್ಕುಗಳಲ್ಲಿ ದನದ ಮಾಂಸ, ಮೀನು, ಕೋಳಿ.

ವರ್ಷವಿಡೀ ತುರಿಕೆ, ಪಾದ ನೆಕ್ಕುವುದು, ಕಿವಿ ಪದೇ ಪದೇ ಸೋರುವುದು, ಗುದದ ಸುತ್ತ ಕೆಂಪಾಗುವುದು ಇದರ ಲಕ್ಷಣಗಳು. ಕೆಲವಕ್ಕೆ ವಾಂತಿ ಭೇದಿಯೂ ಉಂಟು. ಹಾಲು ಕುಡಿದಾಗ ಹೊಟ್ಟೆ ಮಾತ್ರ ಕೆಟ್ಟರೆ ಅದು ಸಾಮಾನ್ಯವಾಗಿ ಹಾಲು ಜೀರ್ಣವಾಗದ ತೊಂದರೆ, ಅಲರ್ಜಿಯಲ್ಲ. ಕಾಮೋಠೆಯಂಥ ತೇವ ಹವೆಯ ಊರಿನಲ್ಲಿ ಚಿಗಟ ಯಾವ ತಿಂಗಳಲ್ಲಿಯೂ ಬಿಡದು. ಆದಕಾರಣ ಮೊದಲು ಚಿಗಟ, ಕಜ್ಜಿ, ಬೂಷ್ಟುಗಳನ್ನು ವೈದ್ಯರಿಂದ ಪರೀಕ್ಷಿಸಿಕೊಳ್ಳತಕ್ಕದ್ದು.

ಅವೆಲ್ಲ ಅಲ್ಲವೆಂದಾದ ಮೇಲೆ ಉಳಿಯುವ ನಂಬಲರ್ಹ ಪರೀಕ್ಷೆ ಒಂದೇ: ಪಥ್ಯ. ರಕ್ತ, ಜೊಲ್ಲು, ಕೂದಲುಗಳ ಪರೀಕ್ಷೆಗೆ ಹಣ ತೆತ್ತರೂ ಆಹಾರದ ವಿಷಯದಲ್ಲಿ ಅವುಗಳ ಉತ್ತರವನ್ನು ನೆಚ್ಚುವಂತಿಲ್ಲ. ಪ್ರಾಣಿಯು ಹಿಂದೆಂದೂ ತಿನ್ನದ ಒಂದು ಮಾಂಸ, ಒಂದು ಗಡ್ಡೆ ಅಥವಾ ಧಾನ್ಯ. ಇಲ್ಲವೆ ಪ್ರೋಟೀನನ್ನು ನುಣ್ಣಗೆ ಒಡೆದು ತಯಾರಿಸಿದ, ವೈದ್ಯರು ಸೂಚಿಸುವ ಆಹಾರ. ಮಾಂಸ ಬೇಯಿಸದ ಮನೆಗಳಿಗೆ ಎರಡನೆಯದೇ ಅನುಕೂಲ. ಅವಧಿ 8 ವಾರ. ಎರಡು ದಿನ ಹಾಲು ನಿಲ್ಲಿಸಿ ನೋಡಿದರೆ ಏನೂ ತಿಳಿಯದು.

ಪಥ್ಯ ಕೆಡುವುದು ಪ್ರೀತಿಯಿಂದಲೇ. ಅಜ್ಜಿ ಮೊಸರನ್ನದ ತುತ್ತು ಇಡುತ್ತಾರೆ, ಮಕ್ಕಳು ಬಿಸ್ಕತ್ತು ಎಸೆಯುತ್ತಾರೆ, ಕೆಳಗಿನ ವಾಚ್‌ಮನ್ ಚಪಾತಿಯ ತುಂಡು ಕೊಡುತ್ತಾನೆ. ಮಾಂಸದ ರುಚಿ ಬೆರೆಸಿದ ಹುಳುವಿನ ಮಾತ್ರೆಯೂ ಲೆಕ್ಕಕ್ಕೆ ಬರುತ್ತದೆ. "ಕುರಿಮಾಂಸ" ಎಂದು ಬರೆದ ಪೊಟ್ಟಣದಲ್ಲಿ ಕೋಳಿಯೂ ಇರುವುದುಂಟು. ಹಿಂಬದಿಯ ಸಣ್ಣಕ್ಷರವನ್ನು ಓದಿರಿ. ಮನೆಮಂದಿಗೆಲ್ಲ ಮೊದಲೇ ತಿಳಿಸಿ, ತಿಂದುದನ್ನು ದಿನವಹಿ ಬರೆದಿಡುವುದು ಲೇಸು.

ತುರಿಕೆ ಇಳಿಯಿತೆಂದು ಅಲ್ಲಿಗೆ ಬಿಡಲಾಗದು. ಹವೆ ಬದಲಾಗಿಯೂ ಇಳಿದಿರಬಹುದು. ಹಳೆಯ ಊಟವನ್ನು ಮತ್ತೆ ಹಾಕಬೇಕು. ಸಾಮಾನ್ಯವಾಗಿ ಎರಡು ವಾರದೊಳಗೆ ತುರಿಕೆ ಮರಳಿದರೆ, ಪಥ್ಯಕ್ಕೆ ತಿರುಗಿದಾಗ ಶಮನವಾದರೆ, ಆಗ ಅಲರ್ಜಿ ಖಚಿತ. ಮುಂದೆ ಒಂದೊಂದೇ ಪದಾರ್ಥ ಕೊಟ್ಟು ಯಾವುದೆಂದು ಹುಡುಕಬಹುದು.

ಇದಕ್ಕೆ ಬೇಸತ್ತು ತಿಂಗಳು ತಿಂಗಳೂ ಸ್ಟಿರಾಯ್ಡ್ ಸೂಜಿ ಹಾಕಿಸುವವರುಂಟು. ತುರಿಕೆಯೇನೋ ಅಡಗುತ್ತದೆ, ಬಾಯಾರಿಕೆ, ಬೊಜ್ಜು, ಚರ್ಮದ ಸೋಂಕು ಹೆಚ್ಚುತ್ತವೆ, ಕಾರಣ ತಟ್ಟೆಯಲ್ಲಿಯೇ ಉಳಿಯುತ್ತದೆ.

ಬೆಕ್ಕಿನ ವಿಷಯ ಬೇರೆ. ಹೊಸ ಊಟ ಒಲ್ಲದೆ ಅದು ಎರಡು ಮೂರು ದಿನ ಉಪವಾಸವಿದ್ದರೆ ಯಕೃತ್ತಿಗೆ ಅಪಾಯ. ಅದಕ್ಕೆ ಹೊಸದನ್ನು ಹಳೆಯದರೊಡನೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿಯೇ ರೂಢಿ ಮಾಡಿಸಬೇಕು. 8 ವಾರದ ಎಣಿಕೆ ಹಳೆಯದು ಪೂರ್ತಿ ನಿಂತ ದಿನದಿಂದ.